ಮುಗ್ಗಿದ ಅರಳೆ

ಬಿಜಾಪುರದ ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ಪಿಂಜಾರ ದಾದಾಸಾಬನ ಮನೆಯೆಂದರೆ ಕೆಲಸಕ್ಕೆ ಹೆಸರಾದ ಮನೆ. ದಾದಾಸಾಬ ಪಡಸಾಲೆಯಲ್ಲಿ ಕುಳಿತು ಬಿಲ್ಲಿನಿಂದ ಅರಳೆ ಹಿಂಜುವನು. ಅವನ ಹೆಂಡತಿ ಪೀರಾಂಬಿ ಆ ಅರಳೆಯನ್ನು ಬಟ್ಟೆಯ ಗವಸಣಿಗೆ ತುಂಬಿ, ದಬ್ಬಣ ಹಿಡಿದು ಗಾದಿ ಹೊಲಿಯುವಳು. ಪೀರಾಂಬಿ ಹೊಲಿದ ಗಾದಿ ಎಷ್ಟು ವರ್ಷ ಮಲಗಿದರೂ ಗಂಟು ಬೀಳುವುದಿಲ್ಲವೆಂದು ಬಬಲೇಶ್ವರದ ಸಂತೆಯವರೆಗೂ ಮಾತಿತ್ತು. ಮಗ ಅಬ್ದುಲಗನಿ ವಾರಕ್ಕೊಮ್ಮೆ ಆ ಸಂತೆಗೆ ಹೋಗಿ ಜನರ ಹಳೆಯ ಗಾದಿಗಳನ್ನು ಬಸ್ಸಿನ ಮೇಲೆ ಹೇರಿಕೊಂಡು ಬರುವನು. ಅವನ ಹೆಂಡತಿ ಮುಮತಾಜ ಅವುಗಳ ಹೊಲಿಗೆ ಬಿಚ್ಚಿ, ಒಳಗಿನ ಅರಳೆ ಕಿತ್ತು, ಚೀಲಕ್ಕೆ ತುಂಬಿ ಒಳಕೋಣೆಯಲ್ಲಿ ಒಟ್ಟುವಳು. ಇನ್ನೂ ಮದುವೆಯಾಗದ ಮಗಳು ಅಬೇದಾ ನೀರು, ರೊಟ್ಟಿ ನೋಡಿಕೊಳ್ಳುವಳು. ಕುಳಿತು ತಿನ್ನುವವರು ಆ ಮನೆಯಲ್ಲಿ ಯಾರೂ ಇರಲಿಲ್ಲ. ಇರಲು ಪೀರಾಂಬಿ ಬಿಡುತ್ತಲೂ ಇರಲಿಲ್ಲ.

ಎಪ್ಪತ್ತೆರಡರ ಬರ ಕಳೆದು ಮೂರು ವರ್ಷವಾಗಿತ್ತು. ಬರದಲ್ಲಿ ಹೊಸ ಗಾದಿ ಕೇಳುವವರೇ ಇಲ್ಲದಾಗ ಹಳೆಯ ಅರಳೆ ಮಾರಿ ಒಲೆ ಹೊತ್ತಿಸಿದ್ದ ದಾದಾಸಾಬ ಅಂದಿನಿಂದ ಒಂದು ಎಳೆಯನ್ನೂ ಹೊರಗೆ ಚೆಲ್ಲಗೊಡುತ್ತಿರಲಿಲ್ಲ. ಒಳಕೋಣೆಯಲ್ಲಿ ಚೀಲದ ಮೇಲೆ ಚೀಲ ಬಿದ್ದು ತೊಲೆ ಮುಟ್ಟಿದ್ದವು. ಉಳಿದ ಜಾಗದಲ್ಲಿ ಮಗ-ಸೊಸೆಯ ಹಾಸಿಗೆ.

ಆ ವರ್ಷ ಮಳೆ ಬಿಜಾಪುರದ ಮಳೆಯಂತಿರಲಿಲ್ಲ. ಶ್ರಾವಣದಲ್ಲಿ ಹಿಡಿದದ್ದು ಗಣೇಶ ಚೌತಿ ದಾಟಿದರೂ ಬಿಡಲಿಲ್ಲ. ಮುಮತಾಜ ಸೀನಲು ಸುರುಮಾಡಿದ್ದು ಆಗ.

ಮೊದಲು ಬರೀ ಸೀನು. ಮುಂಜಾನೆ ಎದ್ದ ಕೂಡಲೇ ಒಂದರ ಹಿಂದೊಂದು. ಕಣ್ಣು ಕೆಂಪು, ಮೂಗಿನಲ್ಲಿ ನೀರು. ಆಮೇಲೆ ಕೆಮ್ಮು. ಕೊನೆಗೆ ಎದೆಯೊಳಗೆ ಯಾರೋ ಸಿಳ್ಳೆ ಹಾಕಿದಂಥ ಉಸಿರು. ಗಾದಿ ಬಿಚ್ಚಲು ಕುಳಿತವಳು ಅರ್ಧಕ್ಕೇ ಎದ್ದು ಅಂಗಳಕ್ಕೆ ಬಂದು ಮೊಣಕಾಲಿಗೆ ಕೈಯೂರಿ ನಿಲ್ಲುವಳು.

"ಕೆಲಸ ಅಂದ್ರ ಇಕಿಗಿ ಕೆಮ್ಮ ಬರ್ತೈತಿ, ಊಟ ಅಂದ್ರ ಬರೂದಿಲ್ಲ ನೋಡ," ಎಂದ ದಾದಾಸಾಬ, ರೊಟ್ಟಿ ಮುರಿದು ಪುಂಡಿಪಲ್ಯಕ್ಕೆ ಅದ್ದುತ್ತ.

"ಊಟಕ್ಕ ಕುಂತಾಗನೂ ಬರ್ತೈತಿ ಯಪ್ಪಾ. ನಿನ್ನ ಬಿಲ್ಲಿನ ಸಪ್ಪಳದಾಗ ನಿನಗ ಕೇಳೂದಿಲ್ಲ," ಎಂದಳು ಅಬೇದಾ ಒಲೆಯ ಮುಂದಿನಿಂದ.

"ನಿನ್ನನ್ನ ಯಾರ ಕೇಳ್ಯಾರಬೇ?"

ಪೀರಾಂಬಿ ಸೊಸೆಯ ಮುಂದೆ ಶುಂಠಿ ಕಷಾಯದ ಬಟ್ಟಲು ಇಟ್ಟಳು. "ನಾ ಈ ಮನಿಗೆ ಬಂದ ಹೊಸದಾಗ ಇದ ಕೆಲಸ ಮಾಡೇನಿ. ಧೂಳ ಮೂಗಿಗಿ ಹೋದ್ರ ನಾಕ ದಿನ ಸೀನ ಬರ್ತಾವ. ಆಮ್ಯಾಲ ರೂಢಿ ಆಗ್ತೈತಿ."

"ಎರಡ ವರ್ಷದಿಂದ ಬಿಚ್ಚಾಕತ್ತೇನಿ ಅತ್ತೀ. ರೂಢಿ ಆಗೇ ಇತ್ತು. ಈಗ ಹಿಂಗ ಆಗೈತಿ," ಎಂದಳು ಮುಮತಾಜ. ಜಗಳದ ದನಿಯಲ್ಲಲ್ಲ, ಕಂಡದ್ದನ್ನು ಕಂಡಂತೆ ಹೇಳುವುದು ಅವಳ ರೀತಿ.

ಅಣ್ಣನ ಮಗುವಿನ ಹೆಸರಿಡುವ ಕಾರಣಕ್ಕೆ ಅವಳು ತವರೂರು ತಿಕೋಟಾಕ್ಕೆ ಹೋದಳು. ವಾರದ ಮೇಲೆ ಬಂದಾಗ ಮುಖ ತುಂಬಿಕೊಂಡಿತ್ತು, ಕೆಮ್ಮಿನ ಸುಳಿವಿರಲಿಲ್ಲ. ಬಂದು ಎರಡು ದಿನ ಮಲಗೆದ್ದಳೋ ಇಲ್ಲವೋ, ಸಿಳ್ಳೆ ಮತ್ತೆ ಸುರುವಾಯಿತು.

"ತವರಮನಿ ಹವಾ ಬೇಕಾಗೈತಿ," ಎಂದ ದಾದಾಸಾಬ. ಈ ಸಲ ಪೀರಾಂಬಿಯೂ ಗಂಡನ ಮಾತನ್ನು ತಳ್ಳಿಹಾಕಲಿಲ್ಲ. ಹೋದಲ್ಲಿ ವಾಸಿ, ಬಂದಲ್ಲಿ ಬ್ಯಾನಿ ಎಂದರೆ ಏನೆಂದು ತಿಳಿಯಬೇಕು?

ನವರಾತ್ರಿಯ ಮುಂಚೆ ಬಬಲೇಶ್ವರದ ಗುರುಬಾಯಿ ಸಿದ್ಧೇಶ್ವರನ ದರ್ಶನ ಮುಗಿಸಿಕೊಂಡು ಮನೆಗೆ ಬಂದಳು. ಮಗಳ ಮದುವೆಗೆಂದು ಅವಳು ಒಂದು ಗಾಡಿಯಾಗುವಷ್ಟು ಗಾದಿ, ಲೋಡು, ದಿಂಬು ಹೊಲಿಯಲು ಹೇಳಿದ್ದಳು. ಆ ವರ್ಷದ ದೊಡ್ಡ ಕೆಲಸ ಅದೇ. ಚಹಾದ ಬಟ್ಟಲು ಇನ್ನೂ ಕೈಯಲ್ಲಿದ್ದಾಗ ಒಳಕೋಣೆಯಿಂದ ಕೆಮ್ಮು ಕೇಳಿಸಿತು. ನಿಂತಿತು ಅನ್ನುವಷ್ಟರಲ್ಲಿ ಮತ್ತೆ.

ಗುರುಬಾಯಿ ಬಟ್ಟಲು ಕೆಳಗಿಟ್ಟಳು. "ಪೀರಾಂಬಿ, ಸಿಟ್ಟಾಗಬ್ಯಾಡ. ಓಣ್ಯಾಗ ಏನೇನೋ ಅಂತಾರ. ಸೊಸಿಗಿ ಟಿಬಿ ಆಗೈತೇನ?"

"ಯಾರ ಅಂದವರು?"

"ಯಾರರ ಅನ್ಲಿ. ಮದುಮಕ್ಕಳು ಮಲಗೂ ಗಾದಿ ಅದು. ನನಗ ಖಾತ್ರಿ ಆಗೂತನಕ ಹೊಲಿಗಿ ನಿಲ್ಲಸು."

ಗುರುಬಾಯಿ ಎದ್ದು ಹೋದಳು. ಟಿಬಿ ಎಂಬ ಮಾತು ಹಬ್ಬಿದರೆ ಆ ಮನೆಯ ಗಾದಿಯ ಮೇಲೆ ಯಾರೂ ಬೆನ್ನಿಡುವುದಿಲ್ಲ, ಅಬೇದಾಳನ್ನು ನೋಡಲು ಯಾರೂ ಬರುವುದಿಲ್ಲ. ಪೀರಾಂಬಿ ಕೈಯಲ್ಲಿದ್ದ ದಬ್ಬಣವನ್ನು ಅರ್ಧ ಹೊಲಿದ ಗಾದಿಗೇ ಚುಚ್ಚಿ ಎದ್ದಳು.

"ಮುಮತಾಜ, ನಾಳೆ ಲಗೂನ ಏಳು. ದವಾಖಾನಿಗೆ ಹೋಗೂಣು."

"ಆಮ್ಯಾಲ ದವಾಖಾನ್ಯಾಗ ನೋಡಿದವರು ಏನ ಅಂದಾರು?" ಎಂದ ದಾದಾಸಾಬ.

"ನೋಡ್ಲಿ. ಮುಚ್ಚಿಟ್ಟರ ಮಂದಿ ಟಿಬಿ ಅಂತಾರ, ಬಿಚ್ಚಿಟ್ಟರ ಏನೈತೋ ಅದನ್ನ ಅಂತಾರ."

ಸರಕಾರಿ ದವಾಖಾನೆಯಲ್ಲಿ ಎದೆಯ ಫೋಟೋ ತೆಗೆದರು, ಕಫ ಪರೀಕ್ಷೆ ಮಾಡಿದರು. ಎಲ್ಲ ಕೈಗೆ ಬಂದ ದಿನ ಡಾಕ್ಟರಬಾಯಿ ಅತ್ತೆ-ಸೊಸೆ ಇಬ್ಬರನ್ನೂ ಎದುರಿಗೆ ಕೂಡಿಸಿಕೊಂಡಳು.

"ಟಿಬಿ ಅಲ್ಲವಾ ಇದು. ಎದಿ ಸ್ವಚ್ಛ ಐತಿ. ಇದಕ್ಕ ಅಲರ್ಜಿ ಅಂತಾರ. ಒಬ್ಬರಿಗೆ ಏನೂ ಮಾಡದ ವಸ್ತು ಇನ್ನೊಬ್ಬರಿಗೆ ಆಗಿಬರೂದಿಲ್ಲ. ಏನೋ ಒಂದು ಈಕಿ ಎದಿ ಕೆಣಕಾಕತ್ತೈತಿ."

"ಅರಳಿ ಧೂಳೇನ್ರಿ?"

"ಇರಬಹುದು, ಇರಲಿಕ್ಕಿಲ್ಲ. ಗುಳಗಿ ಕೊಡ್ತೇನಿ, ಉಸಿರು ಸಡಲ ಆಗ್ತೈತಿ. ಆದ್ರ ಆ ವಸ್ತು ಸುತ್ತಮುತ್ತ ಇರೂತನಕ, ಗುಳಗಿ ಬಿಟ್ಟ ಕೂಡ್ಲೆ ಮತ್ತ ಬರ್ತೈತಿ. ಎಲ್ಲಿದ್ರ ಹೆಚ್ಚು, ಎಲ್ಲಿದ್ರ ಕಡಿಮಿ, ಅದನ್ನ ನೀವ ನೋಡಬೇಕು."

ಪೀರಾಂಬಿ ಓಣಿಗೆ ಬಂದವಳು ನೇರ ಮನೆಗೆ ಹೋಗಲಿಲ್ಲ. ನಳದ ಕಟ್ಟೆಯ ಮುಂದೆ ಕೊಡ ಹಿಡಿದು ನಿಂತ ಹೆಂಗಸರ ನಡುವೆ ನಿಂತು, ಎಲ್ಲರಿಗೂ ಕೇಳುವಂತೆ ಹೇಳಿದಳು: "ನನ್ನ ಸೊಸಿಗಿ ಟಿಬಿ ಇಲ್ಲ. ಎದಿ ಫೋಟೋ ತಗಸೇನಿ. ನೋಡಬೇಕನ್ನಾವ್ರು ಮನಿಗೆ ಬರ್ರಿ, ಚಹಾ ಕೊಟ್ಟು ತೋರಿಸ್ತೇನಿ." ಯಾರೂ ಬರಲಿಲ್ಲ. ಆದರೆ ಆ ಮಾತು ಅಲ್ಲಿಗೆ ನಿಂತಿತು.

ಮನೆಯೊಳಗಿನ ಮಾತು ಮಾತ್ರ ನಿಲ್ಲಲಿಲ್ಲ.

"ಅರಳಿ ಆಗಿಬರದ ಹೆಣ್ಣು ಪಿಂಜಾರರ ಮನ್ಯಾಗ ಏನ ಮಾಡಬೇಕು?" ಎಂದ ದಾದಾಸಾಬ ಊಟದ ಹೊತ್ತಿನಲ್ಲಿ. "ನಮ್ಮ ಅಜ್ಜ, ನಮ್ಮ ಅಪ್ಪ, ನಾನು, ಯಾರಿಗೂ ಆಗದ್ದು ಇಕಿಗಿ ಹೆಂಗಾತು?"

ಅಬ್ದುಲಗನಿ ಕೈ ತೊಳೆದುಕೊಂಡ. ಸಾಮಾನ್ಯವಾಗಿ ಅವನು ತಂದೆಯ ಎದುರು ಮಾತಾಡುವವನಲ್ಲ. "ಹಂಗಾದ್ರ ನಾವು ಬ್ಯಾರೆ ಇರ್ತೇವಿ ಯಪ್ಪಾ. ತಿಕೋಟಾದಾಗ ಅಕಿ ಅಣ್ಣ ದ್ರಾಕ್ಷಿ ತ್ವಾಟದಾಗ ಕೆಲಸ ಕೊಡ್ತೇನಿ ಅಂದಾನ."

"ಮನಿ ಬಿಲ್ಲ ಬಿಟ್ಟು ಬೀಗರ ತ್ವಾಟಕ್ಕ ನೀರ ಹಾಯಸ್ತಿ?"

"ಹೆಂಡ್ತಿ ಉಸರಾಡಬೇಕಲ್ಲಪಾ."

"ಹೋಗಲೇ, ಹೋಗು! ಬೀಗರ ಮನಿ ರೊಟ್ಟಿ ಎಷ್ಟ ದಿನ ರುಚಿ ಹತ್ತೈತಿ ನೋಡೂಣು!"

ಪೀರಾಂಬಿ ರೊಟ್ಟಿಗೆ ಹಚ್ಚಿಕೊಳ್ಳುವ ಹಿಂಡಿಯ ಡಬ್ಬಿಯನ್ನು ನೆಲಕ್ಕೆ ಕುಕ್ಕಿದಳು. "ಇಬ್ಬರೂ ಬಾಯಿ ಮುಚ್ಚರಿ. ಯಾರೂ ಎಲ್ಲಿಗೂ ಹೋಗೂದಿಲ್ಲ. ಮುಮತಾಜ ಎದಿ ಸಡಲ ಆಗೂತನಕ ತಿಕೋಟಾಕ ಹೋಗಿರ್ಲಿ. ಅಷ್ಟರಾಗ ಇದರ ಬೇರ ಎಲ್ಲೈತಿ ನಾ ನೋಡ್ತೇನಿ."

ಹೇಳಿಬಿಟ್ಟಳು. ಎಲ್ಲಿ ನೋಡಬೇಕೆಂಬುದು ಅವಳಿಗೂ ಗೊತ್ತಿರಲಿಲ್ಲ.

ದಸರೆ ಮುಗಿದ ಮೇಲೆ ಪೀರಾಂಬಿ ತಿಕೋಟಾದ ಬಸ್ಸು ಹತ್ತಿದಳು. ಸೊಸೆ ಹೇಗಿದ್ದಾಳೆಂದು ನೋಡುವುದು ಒಂದು. ನಿಜವಾಗಿ ಬ್ಯಾನಿಯೋ, ತವರಿನ ಸೆಳೆತವೋ ಎಂದು ತನ್ನ ಕಣ್ಣಿನಿಂದಲೇ ನೋಡುವುದು ಇನ್ನೊಂದು. ಬೀಗರ ಮನೆ ಊರಿನ ಅಂಚಿನಲ್ಲಿ, ಹೊಲಕ್ಕೆ ಹತ್ತಿಕೊಂಡಿತ್ತು. ಅಂಗಳಕ್ಕೆ ಕಾಲಿಟ್ಟವಳು ಅಲ್ಲೇ ನಿಂತಳು. ಮುಮತಾಜ ಅಣ್ಣನ ಕೂಸಿನ ತೊಟ್ಟಿಲಿಗೆ ಹಾಸಲು, ಅಟ್ಟದಲ್ಲಿದ್ದ ಹೋದ ವರ್ಷದ ಅರಳೆಯನ್ನು ರಾಶಿ ಹಾಕಿಕೊಂಡು ಬಡಿಗೆಯಿಂದ ಬಡಿಯುತ್ತಿದ್ದಳು. ಅರಳೆಯ ನವಿರು ಎಳೆಗಳು ತಲೆಯ ಮೇಲೆ, ರೆಪ್ಪೆಯ ಮೇಲೆ ಕುಳಿತಿದ್ದವು. ಒಂದು ಸೀನಿಲ್ಲ, ಒಂದು ಕೆಮ್ಮಿಲ್ಲ.

"ಅಲ್ಲಿ ಅರಳಿ ಕಂಡ್ರ ಎದಿ ಹಿಡ್ಕೋತಿ, ಇಲ್ಲಿ ಅರಳಿ ಬಡೀತಿ!" ಪೀರಾಂಬಿಯ ದನಿಗೆ ಕಟ್ಟಿದ ಆಡು ಬೆದರಿತು. "ಓಣಿ ಮಂದಿ ಮುಂದ ನಿನ್ನ ಸಲುವಾಗಿ ಗಂಟಲ ಹರಕೊಂಡೇನಲ್ಲ, ನಾನೇ ಹುಚ್ಚಿ!"

ಮುಮತಾಜ ಬಡಿಗೆ ಕೆಳಗಿಟ್ಟು ಸೆರಗು ಸರಿಮಾಡಿಕೊಂಡಳು. "ಇಲ್ಲಿ ಏನೂ ಆಗವಲ್ದು ಅತ್ತೀ. ಅದನ್ನ ನೋಡಾಕ ಬಡಿಯಾಕತ್ತೇನಿ. ನನಗೂ ತಿಳಿವಲ್ದು."

ಅವಳ ತಾಯಿ ಸುಗರಾಬಿ ಒಳಗಿನಿಂದ ಹಿಟ್ಟಿನ ಕೈಯಲ್ಲೇ ಬಂದಳು. "ಬೀಗತಿ, ಬೈಯೂದಾದ್ರ ಕುಂತ ಬೈಯವಾ. ಆದ್ರ ಒಂದ ಮಾತ ಕೇಳು. ಇಲ್ಲಿರೂದೂ ಅರಳೀನ, ಅಲ್ಲಿರೂದೂ ಅರಳೀನ. ನನ್ನ ಮಗಳೂ ಅಕೀನ. ಬ್ಯಾರೆ ಇರೂದು ಮನಿ ಒಂದ."

"ನನ್ನ ಮನಿ ಕನ್ನಡಿ ಹಂಗ ಇಟ್ಟೇನಿ!"

"ಇಲ್ಲ ಅಂದೇನೇನು? ಕನ್ನಡಿ ಹಿಂದನೂ ಒಂದ ಸಲ ನೋಡು."

ಆ ಮಾತು ಪೀರಾಂಬಿಗೆ ಚುರುಕ್ಕೆಂದಿತು. ಆದರೂ ಎದ್ದು ಹೋಗಲಿಲ್ಲ. ಬಿಸಿ ರೊಟ್ಟಿ, ಝುಣಕ, ಗಟ್ಟಿ ಮೊಸರು ಮುಂದೆ ಬಂದವು. ಉಣ್ಣುತ್ತ ಉಣ್ಣುತ್ತ ಅವಳ ದನಿ ಇಳಿಯಿತು.

"ಮುಮತಾಜ, ನೆಟ್ಟಗ ಹೇಳು. ನಮ್ಮ ಮನ್ಯಾಗ ಎಲ್ಲಿ ಹೆಚ್ಚು ಬರ್ತೈತಿ? ಪಡಸಾಲ್ಯಾಗೋ, ಅಡಗಿ ಮನ್ಯಾಗೋ?"

"ಒಳಕ್ವಾಣ್ಯಾಗ. ಮುಂಜಾನಿ ಏಳೂವಾಗ. ಗ್ವಾಡಿ ಕಡೆ ಮಾರಿ ಮಾಡಿ ಮಲಗಿದ ದಿನ ಇನ್ನೂ ಹೆಚ್ಚು."

"ಇಷ್ಟ ದಿನ ಯಾಕ ಹೇಳಲಿಲ್ಲ?"

"ಹೇಳೇನಿ. ಕ್ವಾಣಿ ಮುಗ್ಗ ವಾಸನಿ ಹೊಡೀತೈತಿ ಅಂದಿದ್ದೆ. ಊದಬತ್ತಿ ಹಚ್ಚು ಅಂದ್ರಿ."

ಹೌದು, ಅಂದಿದ್ದಳು. ಪೀರಾಂಬಿ ಉಳಿದ ರೊಟ್ಟಿಯನ್ನು ಮೊಸರಿಗೆ ಮುರಿದು ಹಾಕಿಕೊಂಡು ಉಂಡು ಮುಗಿಸಿದಳು. ಮಧ್ಯಾಹ್ನದ ಬಸ್ಸಿಗೇ ತಿರುಗಿ ಹೊರಟಳು.

ಮನೆಗೆ ಬಂದವಳು ಚಪ್ಪಲಿ ಬಿಟ್ಟು ನೇರ ಒಳಕೋಣೆಗೆ ನಡೆದಳು. "ಅಬೇದಾ, ಬಾ ಇಲ್ಲಿ. ಈ ಚೀಲ ಎಲ್ಲಾ ಹೊರಗ ತಗಿ."

"ಎಲ್ಲಾನೂ? ಅಪ್ಪ ನನ್ನ ಕಾಲ ಮುರೀತಾನ."

"ಅಂವಾ ಮುರದ್ರ ನಾ ಕಟ್ಟತೇನಿ. ಎತ್ತು."

ಮೇಲಿನ ಚೀಲಗಳು ಹಗುರಾಗಿ ಬಂದವು. ನಡುವಿನವು ಜಡ. ಎಲ್ಲಕ್ಕೂ ಕೆಳಗಿನದನ್ನು ತಾಯಿ-ಮಗಳು ಕೂಡಿ ಎಳೆದರೂ ಅದು ನೆಲ ಬಿಡಲಿಲ್ಲ. ಜಗ್ಗಿದಾಗ ತಳವೇ ಕಿತ್ತು ಬಂತು. ಒಳಗಿನ ಅರಳೆ ಅರಳೆಯಾಗಿ ಉಳಿದಿರಲಿಲ್ಲ. ಕಪ್ಪು ಹೆಂಟೆ ಹೆಂಟೆಯಾಗಿ, ಮುರಿದರೆ ಒಳಗಿನಿಂದ ಬೂದಿಯಂಥ ಪುಡಿ ಹಾರುತ್ತಿತ್ತು. ಹಿಂದಿನ ಗೋಡೆ ಸೊಂಟದೆತ್ತರ ಹಸಿ. ಅದರ ಮೇಲೆ ಕಪ್ಪು, ಹಸಿರು, ಅಲ್ಲಲ್ಲಿ ಬಿಳಿ ಮಚ್ಚೆ. ದೀಪ ಹಿಡಿದು ನೋಡಿದರೆ ಮಚ್ಚೆಗೆಲ್ಲ ಸಣ್ಣ ರೋಮ ಎದ್ದಿದ್ದವು. ಚೀಲದ ಸಾಲಿನ ಕೊನೆಗೆ ಮುಮತಾಜಳ ದಿಂಬು ಇರುತ್ತಿದ್ದ ಜಾಗ ಅದರಿಂದ ಒಂದು ಗೇಣು.

"ಯವ್ವಾ, ಇದೇನಬೇ?" ಅಬೇದಾ ಮೂಗು ಮುಚ್ಚಿಕೊಂಡಳು.

"ಬೂಸ್ಟ," ಎಂದಳು ಪೀರಾಂಬಿ. ದಿನಕ್ಕೆ ಎರಡು ಸಲ ತಾನು ಕಸಬರಿಗೆ ಆಡಿಸಿದ್ದು ಈ ಚೀಲಗಳ ಮುಂದಿನವರೆಗೆ ಮಾತ್ರ.

ಗೋಡೆ ಯಾಕೆ ಹಸಿಯಾಯಿತೆಂದು ಅವಳು ಯಾರನ್ನೂ ಕೇಳಬೇಕಾಗಿರಲಿಲ್ಲ. ಆ ಗೋಡೆಯಲ್ಲಿ ಮೊದಲು ಒಂದು ಕಿಟಕಿಯಿತ್ತು. ಆಚೆ ನೆರೆಮನೆಯ ರೇವಪ್ಪನ ಹಿತ್ತಲು. ಹೋದ ಬೇಸಿಗೆಯಲ್ಲಿ ರೇವಪ್ಪನ ಎಮ್ಮೆ ಆ ಕಿಟಕಿಯಿಂದ ಮುಖ ಹಾಕಿ, ಹೊಲಿದಿಟ್ಟಿದ್ದ ಹೊಸ ಗವಸಣಿಯನ್ನು ಮೆದ್ದುಬಿಟ್ಟಿತ್ತು. ಇಬ್ಬರೂ ಗಂಡಸರು ಕೈಕೈ ಮಿಲಾಯಿಸುವಷ್ಟು ಜಗಳಾಡಿದರು. ಮರುದಿನವೇ ದಾದಾಸಾಬ ಕಿಟಕಿಗೆ ಇಟ್ಟಂಗಿ ಕಟ್ಟಿ ಮುಚ್ಚಿದ. ಅದಕ್ಕೆ ಉತ್ತರವಾಗಿ ರೇವಪ್ಪ, ತನ್ನ ಹಿತ್ತಲಿನಿಂದ ಹಾಯ್ದು ಹೋಗುತ್ತಿದ್ದ ಇವರ ಬಚ್ಚಲ ನೀರಿನ ಗಟಾರಕ್ಕೆ ಮಣ್ಣು ತುಂಬಿದ. ಅಂದಿನಿಂದ ಬಚ್ಚಲ ನೀರು ಇವರ ಗೋಡೆಯ ಬುಡಕ್ಕೇ ಇಂಗುತ್ತಿತ್ತು. ಮೇಲೆ ಈ ವರ್ಷದ ಮಳೆ. ಗಾಳಿ ಒಳಗೆ ಬರಲು, ಹಸಿ ಹೊರಗೆ ಹೋಗಲು ದಾರಿಯೇ ಇರಲಿಲ್ಲ.

ದಾದಾಸಾಬ ಬಂದು ಅಂಗಳದ ತುಂಬ ಬಿದ್ದ ಚೀಲಗಳನ್ನು ನೋಡಿ ಕೂಗಾಡಿದ. "ಬರಗಾಲದಾಗ ಇದ ಅರಳಿ ನಿಮ್ಮನ್ನ ಬದುಕಿಸೈತಿ! ಬಿಸಲಿಗೆ ಹಾಕಿ ಹಿಂಜಿದ್ರ ಆತು!"

ಪೀರಾಂಬಿ ಒಂದು ಕಪ್ಪು ಹೆಂಟೆ ಎತ್ತಿ ಅವನ ಬಿಲ್ಲಿನ ಮುಂದಿಟ್ಟಳು. "ಹಿಂಜ್ರಿ."

ಅವನೂ ಹಟಮಾರಿ. ಕೊಡತಿ ಎತ್ತಿ ಹೊಡೆದ. ಬಿಲ್ಲಿನ ಹೆದೆ ಕಂಪಿಸಿದ್ದೇ ತಡ, ಬೂದು ಧೂಳು ಮೋಡದಂತೆ ಎದ್ದು ಅವನ ಮುಖ, ಗಡ್ಡ ಮುಚ್ಚಿತು. ಎರಡನೆಯ ಪೆಟ್ಟಿಗೆ ದಾದಾಸಾಬನಿಗೇ ಕೆಮ್ಮು ಹತ್ತಿತು. ಕಣ್ಣಲ್ಲಿ ನೀರು ಬರುವವರೆಗೆ ಕೆಮ್ಮಿದ. ಅಬೇದಾ ನೀರಿನ ತಂಬಿಗೆ ತಂದುಕೊಟ್ಟಳು.

"ಕೆಲಸ ಅಂದ್ರ ಕೆಮ್ಮ ಬಂತೇನ ಯಪ್ಪಾ?"

"ಸುಮ್ನಿರಬೇ," ಎಂದ. ಆದರೆ ಬಿಲ್ಲನ್ನು ಗೋಡೆಗೆ ಆನಿಸಿಟ್ಟ.

ಮರುದಿನ ಪೀರಾಂಬಿ ಆ ಹೆಂಟೆಯ ಚೂರೊಂದನ್ನು ಕಾಗದದಲ್ಲಿ ಕಟ್ಟಿಕೊಂಡು ಡಾಕ್ಟರಬಾಯಿಯ ಮುಂದೆ ಇಟ್ಟಳು. ಡಾಕ್ಟರಬಾಯಿ ಬಿಚ್ಚಿದವಳೇ ಮತ್ತೆ ಮಡಿಚಿದಳು.

"ಬರೋಬ್ಬರಿ ಹುಡಕೀರಿ. ಬೂಸ್ಟಿನ ಪುಡಿ ಕಣ್ಣಿಗೆ ಕಾಣದಷ್ಟ ಸಣ್ಣದು. ಉಸಿರಿನಾಗ ಹೋಗಿ ಆಗದವರ ಎದಿ ಬಿಗೀತೈತಿ. ಗ್ವಾಡಿ ಒಣಾ ಕಸಬರಿಗಿಲೆ ಕೆರೀಬ್ಯಾಡ್ರಿ, ಮನಿ ತುಂಬ ಹಾರ್ತೈತಿ. ಮೂಗಿಗೆ ಅರ್ಬಿ ಕಟಗೊಂಡು, ನೀರ ಹೊಡದು ಒದ್ದಿ ಮಾಡಿ ಕೆರೀರಿ. ಅಷ್ಟೂ ದಿನ ಸೊಸಿನ್ನ ಕರಸಬ್ಯಾಡ್ರಿ. ಆದ್ರ ಹಸಿ ನಿಲ್ಲದ ಬೂಸ್ಟ ನಿಲ್ಲೂದಿಲ್ಲ. ನೀರ ಎಲ್ಲಿಂದ ಬರ್ತೈತಿ, ಮೊದಲ ಅದನ್ನ ಬಂದ ಮಾಡ್ರಿ."

ನೀರು ಬಂದ್ ಮಾಡಬೇಕೆಂದರೆ ರೇವಪ್ಪನ ಹಿತ್ತಲಿಗೆ ಹೋಗಬೇಕು. ಪೀರಾಂಬಿ ಹೋದಳು.

"ರೇವಪ್ಪಣ್ಣಾ, ಗಟಾರದ ಮಣ್ಣ ತಗಿ. ನಮ್ಮ ಹುಡುಗಿ ಉಸಿರು ನಿಲ್ಲಾಕತ್ತೈತಿ."

ರೇವಪ್ಪ ಕಟ್ಟಿಗೆಯ ಹೊರೆ ಕಟ್ಟುತ್ತ ತಲೆಯೆತ್ತಲಿಲ್ಲ. "ಮುಮತಾಜಂದು ಕೇಳೇನವಾ, ಕೆಟ್ಟ ಅನಸೇತಿ. ಆದ್ರ ಖಿಡಕಿ ಮುಚ್ಚಿದಾಂವ ನಿನ್ನ ಗಂಡ. ಮೊದಲ ಅಂವಾ ತಗೀಲಿ, ಆಮ್ಯಾಲ ನಾ ತಗೀತೇನಿ."

ಆ ಮಾತನ್ನು ಅವಳು ಹಾಗೆಯೇ ತಂದು ಗಂಡನ ಮುಂದೆ ಹೇಳಿದಳು.

"ಅವನ ಎಮ್ಮಿ ಮತ್ತ ಮಾರಿ ಹಾಕತೈತಿ."

"ಹಾಕಲಿ. ಎಮ್ಮಿ ಗವಸಣಿ ತಿಂದ್ರ ಇನ್ನೊಂದ ಹೊಲೀತೇನಿ. ಮಗಾ ಸೊಸಿ ಮನಿ ಬಿಟ್ಟರ ಎಲ್ಲಿಂದ ಹೊಲೀಲಿ?"

ದಾದಾಸಾಬ ಸೇದುತ್ತಿದ್ದ ಬೀಡಿ ಹೊಸಕಿ ಎದ್ದ. ಆಮೇಲೆ ಹಾರೆ ತೆಗೆದುಕೊಂಡು ಒಳಗೆ ಹೋದ. ಒಂದು ಇಟ್ಟಂಗಿ ಆಚೆ ಬಿತ್ತು, ಇನ್ನೊಂದು ಬಿತ್ತು. ಮೂರನೆಯದು ಬೀಳುವಷ್ಟರಲ್ಲಿ ಆ ತೂತಿನಲ್ಲಿ ರೇವಪ್ಪನ ಮುಖ ಕಾಣಿಸಿತು. ಎಷ್ಟೋ ತಿಂಗಳ ಮೇಲೆ ಇಬ್ಬರೂ ಎದುರುಬದುರಾಗಿದ್ದರು.

"ನನ್ನ ತಲಿ ಮ್ಯಾಲ ಕೆಡವತಿಯೇನಲೇ?" ಎಂದ ರೇವಪ್ಪ.

"ದೂರ ನಿಂದ್ರು ಮತ್ತ. ನಿನ್ನ ಎಮ್ಮಿನೂ ದೂರ ಕಟ್ಟು."

"ಎಲ್ಲಿ ಎಮ್ಮಿ? ಮಾರಿ ಎರಡ ತಿಂಗಳಾತು. ಖಿಡಕಿ ಮುಚಗೊಂಡ ಕುಂತ್ರ ನಿನಗ ಹೆಂಗ ತಿಳೀಬೇಕು?"

ದಾದಾಸಾಬ ಹಾರೆ ಊರಿಕೊಂಡು ನಿಂತ. "ಎಷ್ಟಕ್ಕ ಹೋತು?" ಎಂದ. ಅಲ್ಲಿಂದ ಇಬ್ಬರೂ ಎಮ್ಮೆಯ ಮಾತು ಆಡುತ್ತಲೇ, ಒಳಗಿನಿಂದ ಒಬ್ಬ, ಹೊರಗಿನಿಂದ ಒಬ್ಬ, ಉಳಿದ ಇಟ್ಟಂಗಿ ತೆಗೆದರು. ಸಂಜೆಯ ಹೊತ್ತಿಗೆ ಗಟಾರದ ಮಣ್ಣೂ ಹೊರಗೆ ಬಿದ್ದಿತ್ತು.

ಆಮೇಲಿನ ದಿನಗಳು ಕೆಲಸವೋ ಕೆಲಸ. ಅಬ್ದುಲಗನಿ ಗೋಡೆಗೆ ನೀರು ಹೊಡೆದು ಕೆರೆದ. ಹಳೆಯ ಮಣ್ಣಿನ ಗಿಲಾವೆಲ್ಲ ತೆಗೆದು, ಗೋಡೆ ಒಣಗಲು ಬಿಟ್ಟ. ಅವನು ತಿಕೋಟಾಕ್ಕೆ ಹೋಗಿ ಬಂದಾಗ ಮುಮತಾಜ ಒಂದು ಪೊಟ್ಟಣ ಕಳಿಸಿದ್ದಳು. ಒಳಗೆ ನೀಲಿ ಹರಳಿನ ಮೈಲುತುತ್ತ.

"ದ್ರಾಕ್ಷಿ ಬಳ್ಳಿಗೆ ಬೂಸ್ಟ ಬಂದ್ರ ಅವರಣ್ಣ ಇದನ್ನ ಸುಣ್ಣದ ಕೂಡ ಹೊಡೀತಾನಂತ," ಎಂದ ಅಬ್ದುಲಗನಿ. "ಬಳ್ಳಿಗೆ ಆದ್ರ ಗ್ವಾಡಿಗೂ ಆಗಬೇಕು, ಸುಣ್ಣದಾಗ ಕಲಸ್ರಿ ಅಂದಾಳ. ಕೈಯಾಗ ಹಿಡೀಬ್ಯಾಡ್ರಿ, ವಿಷ ಅಂತ."

ಪೀರಾಂಬಿ ಕಟ್ಟಿಗೆಯಿಂದ ಕಲಸಿದಳು. ಗೋಡೆ ಒಂದು ನಮೂನೆ ತಿಳಿನೀಲಿಯಾಯಿತು.

ಅರಳೆಯ ವಿಚಾರಕ್ಕೆ ಗಂಡ-ಹೆಂಡತಿ ಅಂಗಳದಲ್ಲಿ ಕುಳಿತು ಚೀಲ ಚೀಲಕ್ಕೂ ಚೌಕಾಸಿ ಮಾಡಿದರು. ಒಣಗಿದ ಮೇಲಿನ ಚೀಲಗಳನ್ನು ಮಾಳಿಗೆಯ ಬಿಸಿಲಿಗೆ ಹರವಿ, ಗಾಳಿಗೆ ಬಡಿದು ಇಟ್ಟುಕೊಳ್ಳುವುದು. ಹೆಂಟೆಗಟ್ಟಿದ್ದನ್ನು ಊರ ಹೊರಗೆ ಹೂಳುವುದು. ನಡುವಿನ ಚೀಲಗಳಿಗೆ ದಾದಾಸಾಬ ಬಿಡಲಿಲ್ಲ.

"ಇದು ಬರೇ ವಾಸನಿ ಐತಿ. ಬಿಸಲಿಗೆ ಹೋಗ್ತೈತಿ."

"ಹೋದ್ರ ಇರ್ಲಿ, ಹೋಗದಿದ್ರ?"

"ಹೋಗದಿದ್ರ ನಾನ ಹೊತಗೊಂಡ ಹೋಗಿ ಹೂಳತೇನಿ, ಆತೇನ?"

ವಾರವೆಲ್ಲ ಬಿಸಿಲು ಕಂಡರೂ ಕೆಲವು ಚೀಲಗಳ ವಾಸನೆ ಹೋಗಲಿಲ್ಲ. ಮಾತು ಕೊಟ್ಟಂತೆ ದಾದಾಸಾಬ ಅವನ್ನು ತಾನೇ ಕೈಗಾಡಿಯ ಮೇಲೆ ಹೇರಿಕೊಂಡು ಹೋದ. ಉಳಿದ ಚೀಲಗಳು ಈಗ ಒಳಕೋಣೆಯಲ್ಲಿರಲಿಲ್ಲ. ಪಡಸಾಲೆಯ ಒಂದು ಬದಿಗೆ, ಗೋಡೆಯಿಂದ ಮೊಳ ದೂರ, ಹಲಗೆಯ ಮೇಲೆ ಕುಳಿತವು.

ದೀಪಾವಳಿಯ ಹೊತ್ತಿಗೆ ಸುಗರಾಬಿ ಮಗಳನ್ನು ಕರೆದುಕೊಂಡು ಬಂದಳು. ಒಳಕೋಣೆಗೆ ಹೋಗಿ ಗೋಡೆಗೆ ಅಂಗೈ ಒತ್ತಿ ನೋಡಿದಳು, ಕಿಟಕಿಯಿಂದ ರೇವಪ್ಪನ ಹಿತ್ತಲು ನೋಡಿದಳು. "ಈಗ ಕನ್ನಡಿ ಆತ ನೋಡು ಬೀಗತಿ," ಎಂದಳು. ಪೀರಾಂಬಿ ಚಹಾಕ್ಕೆ ಒಂದು ಚಮಚ ಸಕ್ಕರೆ ಹೆಚ್ಚೇ ಹಾಕಿದಳು.

ಮುಮತಾಜ ಅಲ್ಲಿ ಮಲಗಿದಳು, ಎದ್ದಳು. ಸೀನಿಲ್ಲ. ಹೀಗೇ ವಾರ ಕಳೆಯಿತು. ಆಮೇಲೊಂದು ಮುಂಜಾನೆ ಅಬ್ದುಲಗನಿ ಸಂತೆಯಿಂದ ತಂದ ಹಳೆಯ ಗಾದಿಯ ಹೊಲಿಗೆಗೆ ಅವಳು ಚೂರಿ ಹಾಕಿದಳು. ಅರ್ಧ ಬಿಚ್ಚಿರಲಿಲ್ಲ, ಎದೆ ಬಿಗಿಯಿತು. ಎದ್ದು ಅಂಗಳಕ್ಕೆ ಬಂದು ಗಾಳಿ ಕುಡಿದು ಸುಧಾರಿಸಿಕೊಂಡಳು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಕುಳಿತಾಗ ರೊಟ್ಟಿ ಬಡಿಸುತ್ತಲೇ ಹೇಳಿದಳು:

"ಮಾವಾ, ಅತ್ತೀ, ಒಂದ ಮಾತ ಹೇಳ್ತೇನಿ. ನಾ ಈ ಮನಿ ಬಿಟ್ಟ ಹೋಗೂದಿಲ್ಲ. ಇವರೂ ತ್ವಾಟಕ್ಕ ಹೋಗೂದು ಬ್ಯಾಡ. ಹೊಸಾ ಅರಳಿ ತುಂಬತೇನಿ, ಅತ್ತಿ ಕೂಡ ಗಾದಿ ಹೊಲೀತೇನಿ, ಹೇಳಿದ್ರ ಬಿಲ್ಲೂ ಹೊಡೀತೇನಿ. ಆದ್ರ ಮಂದಿ ಹಳೇ ಗಾದಿ ನಾ ಬಿಚ್ಚೂದಿಲ್ಲ. ಯಾರ ಮನ್ಯಾಗ ಹೆಂಗ ಇಟ್ಟಿರ್ತಾರೋ ಗೊತ್ತಿರೂದಿಲ್ಲ. ಬಿಚ್ಚೂದಿದ್ರ ಮಾಳಗಿ ಮ್ಯಾಲ, ಎರಡ ದಿನ ಬಿಸಲ ಕಂಡ ಮ್ಯಾಲ, ಮೂಗಿಗಿ ಅರ್ಬಿ ಕಟಗೊಂಡು ಬಿಚ್ಚಬೇಕು. ಯಾರ ಬಿಚ್ಚತೀರಿ ನೋಡ್ರಿ."

ಪೀರಾಂಬಿ ಗಂಡನ ಮುಖ ನೋಡಿದಳು. ಗಾದಿ ಬಿಚ್ಚುವುದು ಸೊಸೆಯಂದಿರ ಕೆಲಸ. ಆ ಮನೆಯಲ್ಲಿ ಗಂಡಸರು ಅದಕ್ಕೆ ಕೈ ಹಾಕಿದ್ದೇ ಇರಲಿಲ್ಲ. ಅಬ್ದುಲಗನಿ, "ನಾ ಬಿಚ್ಚತೇನಿ," ಎಂದು ಬಾಯಿ ತೆರೆದ.

"ನೀ ಸಂತಿಗೆ ಹೋಗಾಂವ," ಎಂದ ದಾದಾಸಾಬ. ಉಂಡು ಕೈ ತೊಳೆದು, ತಲೆಯ ಮೇಲಿನ ಟವೆಲು ತೆಗೆದು ಮೂಗಿಗೆ ಸುತ್ತಿಕೊಂಡ. ಒಳಗೆ ಹೋಗಿ ಆ ಅರೆಬಿಚ್ಚಿದ ಗಾದಿಯನ್ನು ಹೆಗಲ ಮೇಲೆ ಹಾಕಿಕೊಂಡು, ಯಾರ ಕಡೆಗೂ ನೋಡದೆ ಮಾಳಿಗೆಯ ನಿಚ್ಚಣಿಕೆ ಹತ್ತಿದ.

ಗುರುಬಾಯಿ ಮತ್ತೆ ಬಂದದ್ದು ಮುಂದಿನ ಸೋಮವಾರ. ಪೀರಾಂಬಿ ಅವಳನ್ನು ಪಡಸಾಲೆಯಲ್ಲಿ ಕೂಡಿಸದೆ ಮೊದಲು ಒಳಕೋಣೆ ತೋರಿಸಿದಳು, ಎದೆಯ ಫೋಟೋ ಬೆಳಕಿಗೆ ಹಿಡಿದು ತೋರಿಸಿದಳು. ಗುರುಬಾಯಿಗೆ ಫೋಟೋ ತಿಳಿಯಲಿಲ್ಲ. ಬಾಗಿಲಲ್ಲಿ ನಿಂತಿದ್ದ ಮುಮತಾಜಳ ಮುಖ ತಿಳಿಯಿತು.

"ನನ್ನ ಗಾದಿ ಅರ್ಧಕ್ಕ ನಿಂತಾವಲ್ಲ," ಎಂದಳು. "ಮುಗಸ್ರಿ. ಹೊರಗ ಗಾಡ್ಯಾಗ ನಮ್ಮ ಹಳೇ ಗಾದಿನೂ ಎರಡ ತಂದೇನಿ. ಅದ ಅರಳಿ ಹಿಂಜಿ ಹೊಸದಕ್ಕ ಕೂಡಿಸಿಬಿಡ್ರಿ."

ಮುಮತಾಜ ಗಾಡಿಯ ಹತ್ತಿರ ಹೋದಳು. ದೂರದಿಂದಲೇ ನಿಂತು, "ಎಲ್ಲಿ ಇಟ್ಟಿದ್ರಿ ಇವನ್ನ?" ಎಂದಳು.

"ಜ್ವಾಳದ ಹಗೇವಿನ ಮಗ್ಗಲ ಕ್ವಾಣ್ಯಾಗ."

"ಒಂದ ನಡೀತೈತಿ. ಇನ್ನೊಂದ ತಿರುಗಿ ಒಯ್ರಿ ಗುರುಬಾಯಕ್ಕಾ. ತಳಾ ಕಪ್ಪಾಗೈತಿ. ಮದುಮಕ್ಕಳ ಗಾದ್ಯಾಗ ಅದನ್ನ ಹಾಕೂದಿಲ್ಲ. ಮನಿಗೆ ಹೋಗಿ ಆ ಕ್ವಾಣಿ ಗ್ವಾಡೀನೂ ಒಂದ ಸಲ ನೋಡ್ರಿ."

ಗುರುಬಾಯಿ ಒಂದು ಕ್ಷಣ ಪೀರಾಂಬಿಯ ಕಡೆ ನೋಡಿದಳು. ಹಳೆಯ ಅರಳೆ ಬೇಡವೆನ್ನುವ ಪಿಂಜಾರರನ್ನು ಅವಳು ಕಂಡಿರಲಿಲ್ಲ.

"ಅಕಿ ಹೇಳಿದ್ದ ಖರೆ," ಎಂದಳು ಪೀರಾಂಬಿ.

ಅಷ್ಟರಲ್ಲಿ ಮಾಳಿಗೆಯ ಅಂಚಿನಿಂದ ಟವೆಲು ಸುತ್ತಿದ ಒಂದು ಮುಖ ಬಗ್ಗಿ ಕೆಳಗೆ ನೋಡಿತು. ಗುರುಬಾಯಿ ಬೆಚ್ಚಿಬಿದ್ದಳು. "ಯಾರವಾ ಮ್ಯಾಲ? ಆಳ ಇಟಗೊಂಡೀರೇನು?"

"ಆಳ ಅಲ್ಲ, ಮನಿ ಯಜಮಾನ," ಎಂದ ದಾದಾಸಾಬ ಟವೆಲಿನೊಳಗಿನಿಂದ. "ಮುಮತಾಜ, ನಡೀತೈತಿ ಅಂದ ಗಾದಿ ಮ್ಯಾಲ ಕಳಸವಾ. ಬಿಸಲ ಇಳ್ಯಾಕತ್ತೈತಿ. ಹಂಗ ಒಂದ ಬಟ್ಟಲ ಚಹಾನೂ ಕಳಸು."

ಅಬೇದಾ ನಗು ತಡೆಯಲಾರದೆ ಒಳಗೆ ಓಡಿದಳು. ಚಹಾ ಕಾದ ಮೇಲೆ ಅದನ್ನು ಪೀರಾಂಬಿಯೇ ಮೇಲೆ ಒಯ್ದಳು. ಬಟ್ಟಲನ್ನು ಗಂಡನ ಕೈಗೆ ಕೊಟ್ಟು, ಸೆರಗನ್ನು ಮೂಗಿಗೆ ಬಿಗಿದುಕೊಂಡು, ಅವನು ಬಿಚ್ಚುತ್ತಿದ್ದ ಗಾದಿಯ ಇನ್ನೊಂದು ತುದಿಗೆ ಕುಳಿತು ಚೂರಿ ಎತ್ತಿಕೊಂಡಳು.

"ಹೊಲಿಗಿ ಹಿಂಗ ಅಲ್ಲರಿ ಬಿಚ್ಚೂದು," ಎಂದಳು. "ನೂಲ ಹಾಳ ಮಾಡಾಕತ್ತೀರಿ. ನೋಡ್ರಿ ಇಲ್ಲಿ, ತೋರಿಸ್ತೇನಿ."